೨೧೮೪ನೇ ಹೀಟು

ಅಪ್ಪನನ್ನು ಗುಜರಿಗೆ ಹಾಕುವುದಕ್ಕೆ ಹನ್ನೊಂದು ದಿನ ಬಾಕಿ ಇತ್ತು.

ಇದನ್ನು ನಯವಾಗಿ ಹೇಳುವ ದಾರಿಯೂ ಇದೆ. ಕಂಟ್ರಾಕ್ಟರ್ ಕಡೆಯ ಇಂಜಿನಿಯರ್ ನಯವಾಗಿಯೇ ಹೇಳಿದ. ನನ್ನದೇ ವಯಸ್ಸಿನವನು, ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಹಳದಿ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಅಮ್ಮನ ಮುಂದೆ ನಿಂತಿದ್ದ.

"ನೆಲದೊಳಗೆ ಸಿಗೋ ಲೋಹ ಎಲ್ಲಾ ಜಾಗ ಕೊಂಡವರದ್ದು ಅಂತ ಕರಾರಿದೆ ಅಮ್ಮ. ಇಲ್ಲಿ ಮನುಷ್ಯರು ಇದ್ದಾರೆ ಅಂತ ಕಂಪನಿಯ ಕಾಗದ ಒಂದು ತಂದುಕೊಡಿ, ನಾನೇ ಲಾರಿ ಕೊಟ್ಟು ಸ್ಮಶಾನಕ್ಕೆ ಸಾಗಿಸ್ತೀನಿ. ಕಾಗದ ಇಲ್ಲ ಅಂದ್ರೆ ನನ್ನ ಪಾಲಿಗೆ ಅದು ಅರವತ್ತು ಟನ್ ಗುಜರಿ. ಕತ್ತರಿಸಿ ಕುಲುಮೆಗೆ ಕಳಿಸಬೇಕು."

"ಇನ್ನೊಂದು ಸಲ ಕುದಿಸ್ತೀಯೇನಪ್ಪಾ ಅವರನ್ನ?" ಎಂದಳು ಅಮ್ಮ.

ಅವನು ಹೆಲ್ಮೆಟ್ ಮತ್ತೆ ತಲೆಗೆ ಹಾಕಿಕೊಂಡ.

ಅಪ್ಪ ಆ ಕಾರ್ಖಾನೆಯಲ್ಲಿ ಉಕ್ಕು ಇಳಿಸುವವನಾಗಿದ್ದ. ಕುಲುಮೆಯಿಂದ ಕರಗಿದ ಉಕ್ಕು ದೊಡ್ಡ ಲ್ಯಾಡಲ್ಲಿಗೆ ಇಳಿಯುತ್ತದೆ. ಸಣ್ಣ ಕೋಣೆಯೊಂದನ್ನು ಒಳಗಿಡಬಹುದು, ಅಷ್ಟು ದೊಡ್ಡ ಬಾನಿ ಅದು. ಒಂದು ಸಲಕ್ಕೆ ಇಳಿಯುವ ಅಷ್ಟೂ ಉಕ್ಕಿಗೆ ನಮ್ಮವರು ಹೀಟು ಎನ್ನುತ್ತಾರೆ. ಹುಟ್ಟಿದ ಕೂಡಲೇ ಹೀಟಿಗೆ ಒಂದು ನಂಬರು. ಅಚ್ಚಿಗೆ ಹೊಯ್ದು ಗಟ್ಟಿ ಮಾಡಿದರೂ, ಗಟ್ಟಿಯನ್ನು ಕಾಯಿಸಿ ಹಳಿಯಾಗಿ ಎಳೆದರೂ, ಹಳಿ ರೈಲಿನವರ ಕೈ ಸೇರಿದರೂ ಆ ನಂಬರು ಬಿಡುವುದಿಲ್ಲ. ೨೧೮೪ನೇ ಹೀಟು ಇಳಿಯುತ್ತಿದ್ದಾಗ ಅಪ್ಪ ನಿಂತಿದ್ದ ಕಟ್ಟೆಯ ಅಂಚಿನ ಕಂಬಿ ಕಿತ್ತು ಬಂತು. ಅಪ್ಪ ಲ್ಯಾಡಲ್ಲಿಗೆ ಬಿದ್ದ. ತೆಗೆಯುವುದಕ್ಕೆ ಏನೂ ಇರಲಿಲ್ಲ. ನನಗಾಗ ಐದು ವರ್ಷ.

ಉಕ್ಕನ್ನು ಆರಲು ಬಿಡುವಂತಿಲ್ಲ, ಹೊಯ್ಯಲೇಬೇಕು. ಹೊಯ್ದರು. ಹನ್ನೆರಡು ಗಟ್ಟಿ, ಒಂದೊಂದೂ ಐದು ಟನ್. ದೊಡ್ಡ ಮ್ಯಾನೇಜರು ಮರುದಿನ ನಮ್ಮ ಮನೆಗೇ ಬಂದು, ಬಾಗಿಲಲ್ಲಿ ನೆರೆದಿದ್ದ ಕಾರ್ಮಿಕರೆಲ್ಲರ ಎದುರಿಗೆ, "ಈ ಉಕ್ಕನ್ನು ಕಂಪನಿ ಮಾರುವುದಿಲ್ಲ. ಮಣ್ಣು ಮಾಡುತ್ತೇವೆ" ಎಂದು ಮಾತು ಕೊಟ್ಟ. ಕಾರ್ಖಾನೆಯ ಹಿಂದಿನ ಮೈದಾನದಲ್ಲಿ ಹೂತರು. ಮೇಲೊಂದು ಕಲ್ಲು, ಕಲ್ಲಿನಲ್ಲಿ ಆ ನಾಲ್ಕು ಅಂಕಿ. ಅಮ್ಮನಿಗೆ ಓದು ಬರೆಹ ಇಲ್ಲ, ಆ ನಾಲ್ಕು ಅಂಕಿ ಮಾತ್ರ ಗೊತ್ತು. ಹತ್ತೊಂಬತ್ತು ವರ್ಷ, ತಿಂಗಳ ಮೊದಲನೇ ಭಾನುವಾರ, ಗೇಟಿನವನಿಗೆ ಹೇಳಿ ಒಳಗೆ ಹೋಗಿ ಒದ್ದೆ ಬಟ್ಟೆಯಲ್ಲಿ ಕಲ್ಲು ಒರೆಸಿ ಬರುತ್ತಿದ್ದಳು. ಕಾರ್ಖಾನೆ ಮುಚ್ಚಿ ಆರು ವರ್ಷವಾದ ಮೇಲೂ ತಪ್ಪಿಸಲಿಲ್ಲ.

ಸ್ಮಶಾನದವನ ಹತ್ತಿರ ಆಗಲೇ ಮಾತಾಡಿಕೊಂಡು ಬಂದಿದ್ದಳು. "ಜಾಗ ಕೊಡ್ತಾನಂತೆ. ಒಬ್ಬರಿಗೆ ಹನ್ನೆರಡು ಜನರ ಜಾಗ ಯಾಕೆ, ಅಷ್ಟು ದಪ್ಪ ಇದ್ರಾ ಯಜಮಾನ್ರು ಅಂತ ಕೇಳಿದ." ಹೇಳುತ್ತ ನಕ್ಕಳು. ಆಮೇಲೆ ಅಂದಳು, "ಕಾಗದ ತಗೊಂಡು ಬಾ ಮಗಾ. ಜಗಳ ಆಡಬೇಡ. ಕಾಗದ ತಗೊಂಡು ಬಾ."

ಅಮ್ಮ ಹಾಗೆ ಹೇಳುವುದಕ್ಕೆ ಕಾರಣವಿದೆ. ನಾನು ಎಂಟನೇ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟವನು. ಅಪ್ಪನ ಸಹಿ ಹಾಕಿಸಿಕೊಂಡು ಬಾ ಎಂದ ಮೇಷ್ಟ್ರಿಗೆ, ಮೈದಾನದಲ್ಲಿದ್ದಾನೆ, ನೀವೇ ಹೋಗಿ ಹಾಕಿಸಿಕೊಳ್ಳಿ ಎಂದಿದ್ದೆ. ಆಮೇಲೆ ಪಂಕ್ಚರ್ ಅಂಗಡಿ ಸೇರಿದೆ. ಬೇಗ ಹೊತ್ತಿಕೊಳ್ಳುತ್ತೇನೆಂದು ಅಲ್ಲಿ ನನಗೆ ಸೀಮೆಎಣ್ಣೆ ಎಂದು ಹೆಸರು.

ಕಂಪನಿಯ ನೂರು ವರ್ಷದ ಕಾಗದವೆಲ್ಲ ಒಂದು ಕಡೆ ಇದೆ, ಹಳೆಯ ಡ್ರಾಯಿಂಗ್ ಆಫೀಸಿನಲ್ಲಿ. ಕಾರ್ಖಾನೆ ಮುಚ್ಚುವಾಗ ಜನರಿಗೆ ಜಾಗ ಸಿಗಲಿಲ್ಲ, ಕಾಗದಕ್ಕೆ ಸಿಕ್ಕಿತು. ಎತ್ತರದ ಕಿಟಕಿ, ಸಾಲು ಸಾಲು ಕಬ್ಬಿಣದ ಕಪಾಟು, ಟೇಪು ಕಟ್ಟಿದ ನಾಲ್ಕು ಸಾವಿರ ಪೆಟ್ಟಿಗೆ. ಗೋಡೆಯ ತುಂಬ ಮ್ಯಾನೇಜರುಗಳ ಫೋಟೋ. ಅಲ್ಲಿ ಕೂರುವ ಮೇಡಂ ಒಬ್ಬರೇ, ಐವತ್ತು ದಾಟಿದವರು. ನಾನು ಹೋದ ಕೂಡಲೇ ನನ್ನ ಮುಖ ನೋಡಲಿಲ್ಲ, ಕೈ ನೋಡಿದರು.

"ತೊಳ್ಕೊಂಡು ಬಾ."

ತೊಳೆದುಕೊಂಡು ಬಂದೆ.

"ಇನ್ನೊಂದು ಸಲ."

ಮೂರನೇ ಸಲಕ್ಕೆ ಕಳಿಸಿದಾಗ ತಡೆಯಲಾಗಲಿಲ್ಲ. "ಟೈರಿನ ಮಸಿ ಮೇಡಂ, ಹೋಗಲ್ಲ. ಈ ಕಾಗದ ಬರೆದವರ ಕೈ ಏನು ಬೆಳ್ಳಗಿತ್ತಾ?"

"ಬೆಳ್ಳಗಿದ್ದ ಕೈಯೋರು ಬರೆದಿದ್ದೇ ಜಾಸ್ತಿ ಇರೋದು ಇಲ್ಲಿ," ಎಂದರು ಅವರು, ತಲೆ ಎತ್ತದೆ. "ಮಸಿ ಕೈಯೋರದು ಎಲ್ಲೋ ಅಷ್ಟಿಷ್ಟು ಉಳಿದಿದೆ. ಅದರ ಮೇಲೆ ನಿನ್ನ ಮಸಿ ಬಿದ್ರೆ ಯಾವುದು ಅವರದು, ಯಾವುದು ನಿಂದು ಅಂತ ಗೊತ್ತಾಗಲ್ಲ. ಹೋಗು, ತೊಳ್ಕೊ."

ತೊಳೆದುಕೊಂಡೆ.

ಮೊದಲ ದಿನ ಹೀಟಿನ ಪುಸ್ತಕ ಸಿಕ್ಕಿತು. ಕುಲುಮೆಯ ಪಕ್ಕದಲ್ಲೇ ಇಟ್ಟು ಬರೆಯುತ್ತಿದ್ದ ದಪ್ಪ ಪುಸ್ತಕ. ಹಾಳೆ ಹಾಳೆಗೂ ಕಿಡಿ ಬಿದ್ದು ಸುಟ್ಟ ತೂತು, ಅಂಚಿನಲ್ಲಿ ಹೆಬ್ಬೆಟ್ಟಿನ ಕಪ್ಪು. ಬೆರಳಿಟ್ಟು ಓದುತ್ತ ಹೋದೆ. ನಾನು ಓದುವುದು ನಿಧಾನ. ೨೧೮೪: ಹಳಿಯ ಉಕ್ಕು, ಗಡಸು. ಗಟ್ಟಿ ಹನ್ನೆರಡು. ಷರಾದಲ್ಲಿ ಒಂದೇ ಮಾತು: "ಒಬ್ಬ." ಬರೆದವನಿಗೆ ಮುಂದೆ ಬರೆಯಲು ಕೈ ಬಂದಿಲ್ಲ.

ಮಾರಿದರೋ ಹೂತರೋ ಅದರಲ್ಲಿ ಇರಲಿಲ್ಲ. ಮೇಡಂ ಹೇಳಿದರು, "ಹೂಳೋದು ಕುಲುಮೆಯ ಕೆಲಸ ಅಲ್ಲ, ಆಫೀಸಿನ ಕೆಲಸ. ಆಫೀಸಿನ ಪತ್ರಗಳಲ್ಲಿ ನೋಡಬೇಕು."

ಅದಕ್ಕೆ ನಾಲ್ಕು ದಿನ ಹಿಡಿಯಿತು. ಅಂಗಡಿಗೆ ಅರ್ಧ ದಿನ, ಕಾಗದಕ್ಕೆ ಅರ್ಧ ದಿನ. ಐದನೆಯ ದಿನ ಸಿಕ್ಕಿತು. ಟೈಪು ಮಾಡಿದ ಒಂದೇ ಹಾಳೆ, ಅಪ್ಪ ಸತ್ತ ಮೂರನೆಯ ದಿನದ್ದು, ಅದೇ ದೊಡ್ಡ ಮ್ಯಾನೇಜರನ ಸಹಿ.

"೨೧೮೪ನೇ ಹೀಟಿನ ಗಟ್ಟಿಗಳು ಹಳಿಯ ಆರ್ಡರಿಗೆ ತುರ್ತಾಗಿ ಬೇಕಾಗಿರುತ್ತವೆ. ಮೈದಾನದಲ್ಲಿ ಹೂಳುವ ಬಗ್ಗೆ, ಇಂಗಾಲದ ಕೊರತೆಯಿಂದ ತಿರಸ್ಕೃತವಾಗಿ ಯಾರ್ಡಿನಲ್ಲಿ ಬಿದ್ದಿರುವ ೨೧೭೯ನೇ ಹೀಟಿನ ಹನ್ನೆರಡು ಗಟ್ಟಿಗಳನ್ನು ಉಪಯೋಗಿಸತಕ್ಕದ್ದು. ವಿಷಯವು ಕಾರ್ಮಿಕರಲ್ಲಿ ಪ್ರಚಾರವಾಗಕೂಡದು."

ಮೂರು ಸಲ ಓದಿದೆ. ಮೊದಲನೆಯ ಸಲ ನನಗೇ ಓದಲು ಬಂದಿಲ್ಲ ಅಂದುಕೊಂಡೆ. ಆಮೇಲೆ ಅರ್ಥವಾಯಿತು. ಹತ್ತೊಂಬತ್ತು ವರ್ಷ ಅಮ್ಮ ಒರೆಸಿದ್ದು ಕಸದ ಮೇಲಿನ ಕಲ್ಲನ್ನು. ಅಪ್ಪ ಹಳಿಯಾಗಿ ಎಲ್ಲೋ ಬಿದ್ದಿದ್ದಾನೆ, ಅವನ ಮೇಲೆ ದಿನಾ ರೈಲು ಹೋಗುತ್ತದೆ. ಮೇಜಿಗೆ ಗುದ್ದಿದೆ. ಹಾಳೆಯನ್ನು ಎತ್ತಿಕೊಂಡೆ. ಮೇಡಂ ಎದ್ದು ಬಂದು ನನ್ನ ಕೈಯಿಂದ ಅದನ್ನು ಬಿಡಿಸಿ ಮೇಜಿಗಿಟ್ಟು, ಮೇಲೆ ಅಂಗೈ ಒತ್ತಿ ಹಿಡಿದರು.

"ಹರೀತೀಯಾ? ಹರಿ. ಅವರಿಗೇ ಅನುಕೂಲ."

ನಾನು ಗೋಡೆಯ ಫೋಟೋಗಳ ಕಡೆ ತಿರುಗಿ ಒಂದಷ್ಟು ಬೈದೆ. ಮೇಡಂ ತಡೆಯಲಿಲ್ಲ. ಬೈದು ಮುಗಿದ ಮೇಲೆ, "ಅದರಲ್ಲಿ ನಾಲ್ಕನೆಯವರು ಪಾಪ ಒಳ್ಳೆಯವರು, ಅವರನ್ನ ಬಿಟ್ಟುಬಿಡು" ಎಂದರು.

ಮನೆಗೆ ಹೋದಾಗ ಅಮ್ಮ ಕೇಳಿದಳು, "ಸಿಕ್ಕಿತಾ?"

"ಹುಡುಕ್ತಾ ಇದ್ದೀನಿ."

"ಮುಖ ಯಾಕೋ ಹಾಗಿದೆ?"

"ಧೂಳು."

ಏನು ಹೇಳಲಿ? ಕಾಗದ ಸಿಕ್ಕಿತು, ಅಲ್ಲಿರುವುದು ಅಪ್ಪ ಅಲ್ಲ ಎನ್ನಲೇ? ಹೇಳದೆ ಬಿಟ್ಟರೆ ಅವಳು ಗುಜರಿಗಾಗಿ ಅಳುತ್ತಾಳೆ. ಹೇಳಿದರೆ ಅಳುವುದಕ್ಕೂ ಒಂದು ಜಾಗ ಉಳಿಯುವುದಿಲ್ಲ.

ಮರುದಿನ ಮತ್ತೆ ಹೋದೆ. ಆ ಹಳಿಗಳು ಎಲ್ಲಿಗೆ ಹೋದವು ಅಂತಾದರೂ ಗೊತ್ತಾಗಲಿ, ಅಮ್ಮನನ್ನು ಅಲ್ಲಿಗೇ ಕರೆದುಕೊಂಡು ಹೋಗಿ ಇಗೋ ಎಂದು ತೋರಿಸುತ್ತೇನೆ ಎಂಬ ಹುಚ್ಚು. ಮೇಡಂ ರವಾನೆ ಪುಸ್ತಕ ತಂದರು. ೨೧೮೪ರ ಹಳಿಗಳು ರೈಲಿನವರಿಗೆ ಹೋಗಿದ್ದವು. ಅದೇ ಸಾಲಿನ ಕೊನೆಯಲ್ಲಿ ಕೆಂಪು ಶಾಯಿಯಲ್ಲಿ "ವಾಪಸು" ಎಂದಿತ್ತು.

"ವಾಪಸು ಅಂದ್ರೆ?"

"ತಕರಾರು ಬಂದಿದೆ ಅಂತ." ಮೇಡಂ ಕನ್ನಡಕ ಸರಿಮಾಡಿಕೊಂಡರು. ಆ ದಿನ ಮೊದಲ ಬಾರಿಗೆ ಅವರೂ ನನ್ನ ಹಾಗೆ ಅವಸರವಾಗಿ ನಡೆದರು.

ತಕರಾರಿನ ಫೈಲು ತೆಳ್ಳಗಿತ್ತು. ಮೊದಲನೆಯದು ರೈಲಿನವರ ಪತ್ರ. ೨೧೮೪ ಎಂದು ಮುದ್ರೆಯಿರುವ ಹಳಿಗಳನ್ನು ಹಾಸುವ ಮೊದಲು ಪರೀಕ್ಷಿಸಲಾಯಿತು, ಗಡಸುತನ ನೋಡಲು ಉಕ್ಕಿನ ಗುಂಡು ಒತ್ತಿದಲ್ಲಿ ಆಳವಾಗಿ ಗುಳಿ ಬಿದ್ದಿದೆ, ಇದು ಗಡಸು ಉಕ್ಕಲ್ಲ, ಮೆದು, ಎಲ್ಲವನ್ನೂ ಹಿಂದಿರುಗಿಸಿದ್ದೇವೆ. ಎರಡನೆಯದು ಕಂಪನಿಯ ಒಳಗಿನ ವಿಚಾರಣೆ. ಅದರಲ್ಲಿ ಯಾರ್ಡಿನ ಮೇಸ್ತ್ರಿಯ ಹೇಳಿಕೆ, ಮೂರೇ ಸಾಲು: "ಗಟ್ಟಿಗಳ ಮೇಲೆ ನಂಬರು ಬಳಿಯುವಾಗ ೨೧೭೯ ಮತ್ತು ೨೧೮೪ ಅದಲುಬದಲಾಗಿವೆ. ತಪ್ಪು ನನ್ನದು. ಬೇರೆ ಯಾರಿಗೂ ಇದರಲ್ಲಿ ಸಂಬಂಧವಿಲ್ಲ." ಮೂರನೆಯದು ಶಿಕ್ಷೆ: ಮೇಸ್ತ್ರಿ ಕೆಲಸದಿಂದ ಇಳಿಸಿ ಯಾರ್ಡು ಗುಡಿಸುವ ಕೆಲಸಕ್ಕೆ.

ಸಹಿ ಬೀಗದ ಮೇಸ್ತ್ರಿಯದು.

ನಮ್ಮ ಮನೆಯಲ್ಲಿ ಯಾರನ್ನಾದರೂ ಹೆಸರು ಹಿಡಿದು ಶಪಿಸಿದ್ದರೆ ಅವನನ್ನು. ಬಾಯಿಗೆ ಬೀಗ ಹಾಕಿಕೊಂಡವನ ಹಾಗೆ ಇರುತ್ತಿದ್ದನೆಂದು ಆ ಹೆಸರು. ಅಪ್ಪನಿಗೆ ಕೆಲಸ ಕಲಿಸಿದವನು, ನಮ್ಮ ಮನೆಯಲ್ಲಿ ಉಂಡವನು. ಅಪ್ಪ ಸತ್ತ ಮೇಲೆ ಒಂದು ದಿನವೂ ನಮ್ಮ ಬಾಗಿಲಿಗೆ ಬರಲಿಲ್ಲ. ಎರಡು ತಿಂಗಳಲ್ಲಿ ಅವನನ್ನು ಕೆಳಗಿಳಿಸಿದ್ದಾರೆಂದು ಸುದ್ದಿ ಬಂದಾಗ ಇಡೀ ಬೀದಿ ಒಂದೇ ಅರ್ಥ ಮಾಡಿಕೊಂಡಿತು: ಕಂಬಿ ಸಡಿಲವಾಗಿದ್ದು ಅವನಿಗೆ ಗೊತ್ತಿತ್ತು, ಅವನಿಂದಲೇ ಸತ್ತಿದ್ದು, ಇಲ್ಲದಿದ್ದರೆ ಕಂಪನಿ ಸುಮ್ಮನೆ ಇಳಿಸುತ್ತದೆಯೇ?

ನಾನು ಮೇಡಂ ಮುಖ ನೋಡಿದೆ. "ಅಂದ್ರೆ ರೈಲಿನವರಿಗೆ ಹೋಗಿದ್ದು ಕಸದ ಹೀಟು."

"ಹೌದು."

"ಅಪ್ಪ ಮೈದಾನದಲ್ಲೇ ಇದ್ದಾನೆ."

"ಈ ಕಾಗದ ನಿಜ ಆದ್ರೆ." ಅವರು ಫೈಲು ತಿರುವಿದರು. "ಗೊತ್ತಾದ ಮೇಲೆ ಕಂಪನಿಯವರು ಅಗೆದು ತೆಗೀಬಹುದಿತ್ತು. ಅಗೆದಿದ್ರೆ ಕಾರ್ಮಿಕರೆಲ್ಲ ಯಾಕೆ ಅಂತ ಕೇಳ್ತಿದ್ರು. ಬಾಯಿ ಮುಚ್ಚಿಕೊಂಡು ಇವರೊಬ್ಬರಿಗೆ ಪೊರಕೆ ಕೊಟ್ಟು ಕೈ ತೊಳ್ಕೊಂಡಿದ್ದಾರೆ."

ಮ್ಯಾನೇಜರನ ಆದೇಶಕ್ಕೂ ಮೇಸ್ತ್ರಿಯ ಹೇಳಿಕೆಗೂ ನಕಲು ತೆಗೆದು ಮುದ್ರೆ ಒತ್ತಿ ಕೊಟ್ಟರು. ನಾನು ಮನೆಗೆ ಹೋಗಲಿಲ್ಲ.

ಮೇಸ್ತ್ರಿ ಇನ್ನೂ ಹಳೆಯ ಲೈನ್ ಮನೆಯಲ್ಲೇ ಇದ್ದ, ಒಂದೇ ಕೋಣೆ, ಒಬ್ಬನೇ. ಎಪ್ಪತ್ತು ದಾಟಿದೆ. ಬಾಗಿಲ ಮುಂದೆ ಸ್ಟೂಲಿನ ಮೇಲೆ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದ. ಸೂಜಿಗೆ ದಾರ ಹೋಗುತ್ತಿರಲಿಲ್ಲ. ನನ್ನನ್ನು ಕಂಡು ಸೂಜಿ ಕೆಳಗಿಟ್ಟ.

"ಈ ಸಲ ಕಲ್ಲು ತಂದಿಲ್ಲವಾ?" ಎಂದ. ಹನ್ನೆರಡನೆಯ ವಯಸ್ಸಿನಲ್ಲಿ ಅವನ ಕಿಟಕಿ ಗಾಜು ಒಡೆದವನು ನಾನೇ.

ನಕಲು ಮುಖದ ಮುಂದೆ ಹಿಡಿದೆ. "ಏನಿದು? ಓದು ಇದನ್ನ. ತಪ್ಪಾಗಿದ್ದೋ, ಬೇಕಂತ ಮಾಡಿದ್ದೋ? ಅದೊಂದು ಹೇಳು ನನಗೆ."

ಅವನು ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ತೊಡೆಯ ಮೇಲಿಟ್ಟುಕೊಂಡ.

"ಮೂವತ್ತು ವರ್ಷ ನಂಬರು ಬಳಿದಿದ್ದೀನಿ," ಎಂದ. "ಒಂದು ಸಲಾನೂ ತಪ್ಪಿಲ್ಲ."

ಕಾಗದವನ್ನು ಮಡಚಿ ನನಗೆ ವಾಪಸು ಕೊಡುತ್ತ ಹೇಳಿದ, "ಆ ಸಲಾನೂ ತಪ್ಪಿಲ್ಲ."

ಬೀದಿಯಲ್ಲಿ ಯಾರೋ ಕೊಡ ಇಳಿಸುತ್ತಿದ್ದ ಸದ್ದು ಕೇಳುತ್ತಿತ್ತು.

"ಆಫೀಸಿಂದ ಆ ಚೀಟಿ ನನ್ನ ಕೈಗೇ ಬಂತು. ಕಸದ ಹೀಟಿಗೆ ಇವನ ನಂಬರು ಬಳಿದು ಹೂಳೋದಕ್ಕೆ ಕಳಿಸು, ಇವನ ಹೀಟನ್ನ ಹಳಿಗೆ ಕಳಿಸು ಅಂತ. ಎರಡು ರಾಶೀನೂ ಪಕ್ಕಪಕ್ಕದಲ್ಲೇ. ಹೂಳೋ ಗಾಡಿಗೆ ನಿಮ್ಮಪ್ಪನ್ನೇ ಹತ್ತಿಸಿದೆ. ಕಸದ್ದಕ್ಕೆ ೨೧೮೪ ಅಂತ ಬಳಿದು ಹಳಿಗೆ ಕಳಿಸಿದೆ. ತುಕ್ಕು ಹಿಡಿದ ಗಟ್ಟಿ ಎಲ್ಲಾ ಒಂದೇ ಥರ ಕಾಣತ್ತೆ ಕಣೋ, ಆಫೀಸಿನೋರಿಗೆ ನಂಬರು ಬಿಟ್ರೆ ಬೇರೆ ಕಣ್ಣಿಲ್ಲ."

"ಹಳಿ ಮುರಿದು ರೈಲು ಬಿದ್ದಿದ್ರೆ?"

"ರೈಲಿನೋರು ಗುಂಡು ಒತ್ತಿ ನೋಡದೆ ಒಂದು ಹಳೀನೂ ಹಾಸಲ್ಲ. ವಾಪಸು ಬರತ್ತೆ ಅಂತ ಗೊತ್ತಿತ್ತು. ನನ್ನ ಕುತ್ತಿಗೆಗೆ ಬರತ್ತೆ ಅಂತಾನೂ ಗೊತ್ತಿತ್ತು."

"ಹಾಗಿದ್ರೆ ನಮಗೆ ಯಾಕೆ ಹೇಳಲಿಲ್ಲ?" ನಾನು ಕೂಗಿದೆ. ಪಕ್ಕದ ಬಾಗಿಲು ತೆರೆಯಿತು. "ಹತ್ತೊಂಬತ್ತು ವರ್ಷ! ನಿನ್ನನ್ನ ಕೊಲೆಗಾರ ಅಂತ ಬೈದಿದ್ದೀವಿ ನಾವು. ನೀನು ಸುಮ್ಮನೆ ಬೈಸಿಕೊಂಡು ಕೂತಿದ್ದೀಯಾ?"

"ನಿಮ್ಮಮ್ಮನಿಗೆ ಹೇಳಿದ್ರೆ ಅತ್ತುಬಿಡೋಳು. ಅತ್ತರೆ ನಾಲ್ಕು ಜನ ಕೇಳೋರು. ಆಫೀಸಿಗೆ ಮುಟ್ಟೋದು. ಹೂತ ಮೇಲೆ ಅಗಿಯೋದು ಎಷ್ಟು ಹೊತ್ತಿನ ಕೆಲಸ? ಎರಡು ತಿಂಗಳು ಕಳೆದು ಅವರಿಗೇ ಗೊತ್ತಾಗೋವರೆಗೂ ನಾನು ಬಾಯಿ ಬಿಡೋ ಹಾಗಿರಲಿಲ್ಲ. ಆಮೇಲೆ ಬಾಯಿ ಬಿಡಬೇಡ ಅಂತ ಅವರು ಹೆದರಿಸಿದ್ರು." ಗುಂಡಿಯನ್ನು ಬೆರಳಲ್ಲಿ ತಿರುಗಿಸಿದ. "ಕಾರ್ಖಾನೆ ಮುಚ್ಚಿದ ಮೇಲೆ ಹೇಳಬಹುದಿತ್ತು. ಅಷ್ಟು ಹೊತ್ತಿಗೆ ನಿಮ್ಮಮ್ಮ ನನ್ನನ್ನ ಕಂಡರೆ ಮುಖ ತಿರುಗಿಸೋಳು. ಯಾವ ಮುಖ ಇಟ್ಕೊಂಡು ಬರಲಿ."

ನನ್ನ ಸಿಟ್ಟು ಎಲ್ಲಿಗೂ ಹೋಗಿರಲಿಲ್ಲ, ಅಲ್ಲೇ ಇತ್ತು. ಯಾರ ಮೇಲೆ ಸುರಿಯಬೇಕೆಂದು ಮಾತ್ರ ತಿಳಿಯಲಿಲ್ಲ. ನೆಲದ ಮೇಲಿದ್ದ ಸೂಜಿ ಎತ್ತಿಕೊಂಡು ದಾರ ಪೋಣಿಸಿ ಅವರ ಕೈಗೆ ಕೊಟ್ಟೆ.

ಆ ಸಂಜೆ ಅಮ್ಮನಿಗೆ ಎಲ್ಲ ಹೇಳಿದೆ, ಕಸದ ಹೀಟಿನಿಂದ ಹಿಡಿದು. ಅವಳು ಅಳಲಿಲ್ಲ.

"ಆ ಮನುಷ್ಯ ಎದುರಿಗೆ ಬಂದರೆ ನಾನು ರಸ್ತೆ ದಾಟಿ ಆ ಕಡೆಗೆ ಹೋಗ್ತಿದ್ದೆ," ಎಂದಳು. ಆಮೇಲೆ ಬಾಗಿಲಿನ ಕಡೆ ನೋಡಿ, "ಮ್ಯಾನೇಜರೂ ಮಾತು ಕೊಟ್ಟಿದ್ದ ಕಣೋ, ಇದೇ ಬಾಗಿಲಲ್ಲಿ ನಿಂತು. ಅದು ಸುಳ್ಳಾಯ್ತು. ಇದು ನಿಜ ಅಂತ ಹೇಗೆ ನಂಬಲಿ? ನನಗೆ ಸಮಾಧಾನ ಆಗಲಿ ಅಂತ ಮುದುಕ ಹೇಳಿದ್ರೆ?"

ಗಡುವಿಗೆ ಇನ್ನೂ ನಾಲ್ಕು ದಿನವಿತ್ತು. ಅಮ್ಮ ಕಾಯಲು ಒಪ್ಪಲಿಲ್ಲ. ಬೆಳಿಗ್ಗೆ ಮೇಸ್ತ್ರಿಯನ್ನೂ ಕರೆದುಕೊಂಡು ಮೂವರೂ ಮೈದಾನಕ್ಕೆ ಹೋದೆವು. ಗುಜರಿಯ ಆಳುಗಳು ಕಲ್ಲನ್ನು ಪಕ್ಕಕ್ಕೆ ಸರಿಸಿ, ಮಣ್ಣು ತೆಗೆದು, ಹನ್ನೆರಡು ಗಟ್ಟಿಗಳನ್ನೂ ಆಗಲೇ ಮೇಲೆ ಸಾಲಾಗಿ ಇಟ್ಟಿದ್ದರು. ಆಳೆತ್ತರದ ಕೆಂಪು ತುಕ್ಕಿನ ಕಂಬಗಳು, ಮಲಗಿದ್ದವು. ಬಣ್ಣದ ನಂಬರು ಒಂದರಲ್ಲೂ ಉಳಿದಿರಲಿಲ್ಲ. ಅಮ್ಮ ಅವುಗಳನ್ನು ನೋಡಿದ್ದು ಅದೇ ಮೊದಲು. ದೂರದಲ್ಲೇ ನಿಂತಳು.

ಇಂಜಿನಿಯರ್ ಎರಡು ನಕಲನ್ನೂ ಓದಿದ. ಎರಡೆರಡು ಸಲ ಓದಿದ.

"ನೋಡಿ," ಎಂದ ನನ್ನತ್ತ. "ಇದರ ಪ್ರಕಾರ ಇದು ಕಸ. ಇದರ ಪ್ರಕಾರ ನಿಮ್ಮ ತಂದೆ. ಎರಡೂ ಕಂಪನಿ ಕಾಗದಾನೇ. ಮೇಲಿನವರು ಕೇಳಿದ್ರೆ ನಾನು ಯಾವುದನ್ನ ತೋರಿಸಲಿ?"

ನಾನು ಅವನ ಕಾಲರಿಗೆ ಕೈ ಹಾಕುವುದೊಂದು ಬಾಕಿ. ಮೇಸ್ತ್ರಿ ನಡುವೆ ಬಂದರು.

"ಕಾಗದ ಜೇಬಲ್ಲಿ ಇಟ್ಕೊಳ್ಳಿ ಸಾರ್. ಆ ಹುಡುಗರ ಹತ್ತಿರ ಗ್ರೈಂಡರ್ ಇದೆಯಲ್ಲ, ಕೊಡಿಸಿ."

ಗುಜರಿ ಕತ್ತರಿಸುವವರ ಗ್ರೈಂಡರ್ ಅದು. ತಿರುಗುವ ಕಲ್ಲಿನ ಬಿಲ್ಲೆ, ಉದ್ದ ವೈರು. ಮೇಸ್ತ್ರಿ ಮೊದಲು ಅಲ್ಲೇ ಬಿದ್ದಿದ್ದ ಹಳೆಯ ತೊಲೆಯ ತುಂಡಿಗೆ ಅದನ್ನು ಒತ್ತಿದರು. ಕಿಡಿಗಳು ನೀಳವಾಗಿ, ನೇರವಾಗಿ ಹಾರಿ ನೆಲಕ್ಕೆ ಬಿದ್ದವು, ಬಾಚಿದ ಕೂದಲಿನ ಹಾಗೆ.

"ಇದು ಮೆದು. ಕಾರ್ಬನ್ ಇಲ್ಲ. ಕಸದ ಹೀಟು ಹೀಗೇ ಬರಬೇಕು, ಅದರಲ್ಲಿ ಕಾರ್ಬನ್ ಸಾಲದೇನೇ ಬಿಸಾಕಿದ್ದು. ಗಡಸು ಉಕ್ಕು ಹೀಗೆ ಬರಲ್ಲ. ಅದರ ಕಿಡಿ ಗಾಳೀಲೇ ಒಡೀತದೆ. ನಿಮಗೂ ಕಾಲೇಜಲ್ಲಿ ಹೇಳಿಕೊಟ್ಟಿರಬೇಕಲ್ಲ?"

"ಹೇಳಿಕೊಟ್ಟಿದ್ರು," ಎಂದ ಇಂಜಿನಿಯರ್ ಮೆಲ್ಲಗೆ. "ಪುಸ್ತಕದಲ್ಲಿ."

ಮೇಸ್ತ್ರಿ ಮೊದಲನೆಯ ಗಟ್ಟಿಯ ಪಕ್ಕ ಮಂಡಿಯೂರಿದರು. ಮಂಡಿ ಕೇಳಲಿಲ್ಲ, ಮುಗ್ಗರಿಸಿದರು. ನಾನು ಹಿಂದಿನಿಂದ ಅವರ ಸೊಂಟ ಹಿಡಿದುಕೊಂಡೆ. ಒಣ ಕಡ್ಡಿಯಂಥ ಮೈ, ಗ್ರೈಂಡರಿನ ಜೊತೆ ಇಡೀ ನಡುಗುತ್ತಿತ್ತು. ಮೊದಲು ತುಕ್ಕು ಕೆಂಪಗೆ ಧೂಳಾಗಿ ಹಾರಿತು. ಆಮೇಲೆ ಉಕ್ಕು ಸಿಕ್ಕಿತು.

ಹಗಲು ಬೆಳಕಿನಲ್ಲೂ ಕಂಡಿತು. ಕಿಡಿ ಹೊರಟ ಗೇಣು ದೂರಕ್ಕೇ ಒಡೆದು, ಒಡೆದದ್ದು ಮತ್ತೆ ಒಡೆದು, ಪೊದೆಯ ಹಾಗೆ ಅರಳಿ ಆರುತ್ತಿತ್ತು. ನನ್ನ ತೋಳಿನ ಮೇಲೆ ಬಿತ್ತು, ಚುರುಗುಟ್ಟಿತು. ಕೈ ಬಿಡಲಿಲ್ಲ.

"ಆಯ್ತು," ಎಂದ ಇಂಜಿನಿಯರ್. "ಸಾಕು ಅಜ್ಜ. ಗಡಸು. ನಾನು ಬರ್ಕೊಡ್ತೀನಿ."

"ಸಾಲದು," ಎಂದಳು ಅಮ್ಮ. "ಹನ್ನೆರಡೂ ನೋಡಿ."

ಹನ್ನೆರಡನ್ನೂ ನೋಡಿದರು. ನಾಲ್ಕನೆಯದಕ್ಕೆ ನನಗೆ ಕೊಡಿ ಎಂದೆ, ಕೊಡಲಿಲ್ಲ. ಒಂದೊಂದಕ್ಕೂ ನಾನು ಹಿಡಿದು ಕೂರಿಸಬೇಕು, ಹಿಡಿದು ಎಬ್ಬಿಸಬೇಕು. ಗುಜರಿಯ ಆಳುಗಳು ಕೆಲಸ ಬಿಟ್ಟು ಸುತ್ತ ನಿಂತರು. ಇಂಜಿನಿಯರ್ ಪ್ರತಿಯೊಂದಕ್ಕೂ ಪುಸ್ತಕದಲ್ಲಿ ಗೆರೆ ಎಳೆದ. ಎಲ್ಲವೂ ಒಡೆದವು, ಎಲ್ಲವೂ ಅರಳಿದವು. ಮುಗಿದಾಗ ಬಿಸಿಲು ನೆತ್ತಿಗೆ ಬಂದಿತ್ತು, ಮೇಸ್ತ್ರಿಯ ಬೆರಳುಗಳು ಗ್ರೈಂಡರಿನಿಂದ ಬಿಡಿಸಿಕೊಳ್ಳಲಾರದೆ ಮಡಚಿ ಹೋಗಿದ್ದವು. ನಾನೇ ಒಂದೊಂದಾಗಿ ಬಿಡಿಸಿದೆ.

ಅಮ್ಮ ಹತ್ತಿರ ಬಂದಳು. ಮೇಸ್ತ್ರಿಯ ಮುಖ ನೋಡಿದಳು. "ಅಣ್ಣಾ," ಎಂದಳು. ಅವರು ತಲೆ ಅಲ್ಲಾಡಿಸಿದರು, ಬೇಡ ಎಂಬಂತೆ.

ಆಮೇಲೆ ಕೊನೆಯ ಗಟ್ಟಿಯ ಮುಂದೆ ಕೂತಳು. ತುಕ್ಕಿನ ನಡುವೆ ಉಜ್ಜಿದ ಜಾಗ ಒಂದು ಅಂಗೈಯಗಲ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಮೇಲೆ ಕೈಯಿಟ್ಟಳು. ಸರಕ್ಕನೆ ತೆಗೆದಳು. ಮತ್ತೆ ಇಟ್ಟಳು.

"ಬೆಚ್ಚಗಿದ್ದಾರೆ," ಎಂದಳು.

ಇಂಜಿನಿಯರ್ ಹಿಂದಕ್ಕೆ ತಿರುಗಿ, ಮಣ್ಣು ಅಗೆಯುವ ಯಂತ್ರದವನಿಗೆ ಇಂಜಿನ್ ಆರಿಸು ಎಂದು ಕೈ ಮಾಡಿದ.